ಐಲೀನಳ ಅಕ್ಕ

ಬೆಂಗಳೂರಿಗೆ ಬಂದ ಮೊದಲ ವರ್ಷ ನಾನು ಅಮ್ಮನಿಗೆ ಬರೆದ ಪತ್ರಗಳು ಈಗಲೂ ಊರಿನ ಮನೆಯ ಟ್ರಂಕಿನಲ್ಲಿವೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವನ್ನು ತೆಗೆದು ಓದಿದೆ. ಮಳೆಯ ನೀರು ಕೋಣೆಯೊಳಗೆ ನುಗ್ಗಿ ನನ್ನ ಒಂದು ಚಪ್ಪಲಿ ಮಂಚದಡಿಗೆ ತೇಲಿಹೋದದ್ದು, ಬಾಡಿಗೆ ಕೇಳಲು ಬಂದ ಮಾಲೀಕರಿಗೆ ಸುಳಿವು ಸಿಗದಂತೆ ನಾನೂ ನನ್ನ ಗೆಳತಿಯೂ ದೀಪ ಆರಿಸಿ ಉಸಿರು ಬಿಗಿಹಿಡಿದು ಕೂತದ್ದು, ತಪ್ಪು ಬಸ್ಸು ಹತ್ತಿ ಸಂದರ್ಶನಕ್ಕೆ ಹೋಗಬೇಕಾದವಳು ಸಂತೆಗೆ ಹೋಗಿ ಇಳಿದದ್ದು. ಓದುತ್ತಾ ನನಗೇ ನಗು ಬಂತು. ಆ ಪತ್ರಗಳಲ್ಲಿ ಇಲ್ಲದ್ದು ಏನು ಎನ್ನುವುದೂ ಆಮೇಲೆ ನೆನಪಾಯಿತು. ಒಪ್ಪೊತ್ತು ಉಂಡು ಮಲಗಿದ ದಿನಗಳು, ವಾಪಸ್ ಹೋಗಿಬಿಡೋಣ ಎಂದು ಬಸ್ ನಿಲ್ದಾಣದವರೆಗೂ ನಡೆದ ಒಂದು ಸಂಜೆ. ನಾನು ಅಮ್ಮನಿಗೆ ಸುಳ್ಳು ಬರೆದಿರಲಿಲ್ಲ. ಬರೆದದ್ದೆಲ್ಲ ನಡೆದದ್ದೇ. ನಡೆದದ್ದನ್ನೆಲ್ಲ ಬರೆದಿರಲಿಲ್ಲ, ಅಷ್ಟೇ.

ಆ ಪತ್ರಗಳನ್ನು ಓದುವಾಗ ನನಗೆ ನೆನಪಾದದ್ದು ‘ವಂಡರ್‌ಫುಲ್ ಟೌನ್’ ಎಂಬ ಅಮೆರಿಕದ ಸಂಗೀತ ಪ್ರಹಸನ. ಸಣ್ಣ ಊರಿನಿಂದ ಇಬ್ಬರು ಅಕ್ಕತಂಗಿಯರು ನ್ಯೂಯಾರ್ಕಿಗೆ ಬಂದು ನೆಲಮಾಳಿಗೆಯ ಕೋಣೆಯೊಂದರಲ್ಲಿ ಬಾಡಿಗೆಗೆ ಇಳಿಯುವ ಕಥೆ. ರಂಗದ ಮೇಲೆ ನಾನು ಇದನ್ನು ನೋಡಿದವಳಲ್ಲ. ಹಾಡುಗಳನ್ನು ಕೇಳಿದ್ದೇನೆ, ಅದರ ಹಿಂದಿನ ಚರಿತ್ರೆಯನ್ನು ಬಿಡಿಬಿಡಿಯಾಗಿ ಓದಿದ್ದೇನೆ. ಹಾಡುಗಳು ಎಷ್ಟು ಹಗುರವೋ ಚರಿತ್ರೆ ಅಷ್ಟೇ ಭಾರ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಈ ಬರಹ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾಟಕದೊಳಗೆ ರೂತ್ ಎಂಬ ಅಕ್ಕ ಇದ್ದಾಳೆ, ಐಲೀನ್ ಎಂಬ ತಂಗಿ ಇದ್ದಾಳೆ. ನಾಟಕದ ಹೊರಗೆ ರೂತ್ ಮೆಕೆನಿ ಎಂಬ ಲೇಖಕಿ ಇದ್ದರು, ಅವರ ತಂಗಿ ಐಲೀನ್ ಮೆಕೆನಿ ಇದ್ದರು. ಗೊಂದಲವಾಗದಿರಲಿ ಎಂದು ಪಾತ್ರಗಳನ್ನು ಏಕವಚನದಲ್ಲಿ, ಬದುಕಿದ್ದವರನ್ನು ಬಹುವಚನದಲ್ಲಿ ಕರೆಯುತ್ತೇನೆ. ಕನ್ನಡದಲ್ಲಿ ಈ ಒಂದು ಅನುಕೂಲ ನಮಗುಂಟು.

ನಾಟಕದ ಕಥೆ ನಡೆಯುವುದು 1935ರ ಬೇಸಿಗೆಯಲ್ಲಿ, ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ. ಚಿತ್ರಕಾರರು, ಕವಿಗಳು, ನಟರಾಗಬೇಕೆಂದು ಬಂದವರು, ಏನಾಗಬೇಕೆಂದೇ ಗೊತ್ತಿಲ್ಲದವರು ಕಡಿಮೆ ಬಾಡಿಗೆಗೆ ಸೇರಿಕೊಂಡಿದ್ದ ಜಾಗ ಅದು. ತೆರೆ ಸರಿಯುತ್ತಿದ್ದಂತೆ ಒಬ್ಬ ಗೈಡು ಪ್ರವಾಸಿಗಳ ಗುಂಪನ್ನು ಕ್ರಿಸ್ಟಫರ್ ಸ್ಟ್ರೀಟಿಗೆ ಕರೆತಂದು ಅಲ್ಲಿಯ ವಿಚಿತ್ರ ಜನರನ್ನು ಮೃಗಾಲಯದಲ್ಲಿ ತೋರಿಸಿದಂತೆ ತೋರಿಸುತ್ತಾನೆ. ಅದೇ ಬೀದಿಗೆ ಓಹಾಯೋ ರಾಜ್ಯದ ಕೊಲಂಬಸ್‌ನಿಂದ ರೂತ್ ಮತ್ತು ಐಲೀನ್ ಶೆರ್‌ವುಡ್ ಬರುತ್ತಾರೆ. ರೂತ್‌ಗೆ ಲೇಖಕಿಯಾಗುವ ಆಸೆ, ಐಲೀನಳಿಗೆ ನಟಿಯಾಗುವ ಆಸೆ. ಅಪೊಪೊಲಸ್ ಎಂಬ ಮಾಲೀಕ, ತನ್ನನ್ನು ದೊಡ್ಡ ಚಿತ್ರಕಾರ ಎಂದುಕೊಂಡವನು, ಅವರಿಗೆ ನೆಲಮಾಳಿಗೆಯ ಕೋಣೆಯನ್ನು ಅಂಟಿಸಿಬಿಡುತ್ತಾನೆ. ಮುಂಗಡ ಕೈಗೆ ಬಿದ್ದ ಮೇಲೆ ಕಾಲಡಿಯಲ್ಲಿ ಢಮಾರ್ ಎಂದು ಸದ್ದು! ಕೆಳಗೆ ಸುರಂಗರೈಲಿಗಾಗಿ ಬಂಡೆ ಸಿಡಿಸುತ್ತಿದ್ದಾರೆ. ಕೋಣೆಯಲ್ಲಿ ಹಿಂದೆ ಇದ್ದವಳು ಮೈಮಾರಿ ಬದುಕುತ್ತಿದ್ದ ಹೆಂಗಸು. ಅವಳ ಹಳೆಯ ಗಿರಾಕಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ತಟ್ಟುತ್ತಾರೆ.

ಆ ರಾತ್ರಿ ನಿದ್ದೆ ಬಾರದೆ ಅಕ್ಕತಂಗಿಯರು ಒಂದು ಹಾಡು ಹಾಡುತ್ತಾರೆ. ಊರು ಬಿಟ್ಟು ಯಾಕಾದರೂ ಬಂದೆವೋ ಎನ್ನುವ ಹಾಡು. ಜೋಗುಳದಂತೆ ನಿಧಾನ, ಇಬ್ಬರ ದನಿಯೂ ಒಂದರ ಪಕ್ಕ ಒಂದು ನಡೆಯುತ್ತದೆ. ತಮ್ಮ ಊರಿನ ಬೇಸರವನ್ನು ಅಣಕಿಸುವುದೂ ಅದರಲ್ಲಿದೆ. ಆದರೂ ಕೇಳುವವರ ಗಂಟಲು ಕಟ್ಟುತ್ತದೆ. ನಗುತ್ತಾ ಅಳಿಸುವುದು ಇಡೀ ನಾಟಕದಲ್ಲಿ ಇಲ್ಲಿ ಒಮ್ಮೆ ನಡೆಯುತ್ತದೆ. ಆಮೇಲೆ ಎಲ್ಲ ಓಟವೇ. ರೂತ್‌ಳ ಕಥೆಗಳು ಪತ್ರಿಕೆಗಳಿಂದ ವಾಪಸ್ ಬರುತ್ತವೆ. ಐಲೀನಳ ಹಿಂದೆ ಗಂಡಸರ ಸಾಲು ಬೆಳೆಯುತ್ತದೆ. ಅವರಲ್ಲಿ ಒಬ್ಬ ಪತ್ರಕರ್ತ ಐಲೀನಳೊಂದಿಗೆ ಏಕಾಂತ ಸಿಗಲಿ ಎಂದು ಅಕ್ಕನನ್ನು ಬ್ರೂಕ್ಲಿನ್‌ನ ನೌಕಾನೆಲೆಗೆ ವರದಿಗೆ ಅಟ್ಟುತ್ತಾನೆ. ಅಲ್ಲಿ ಬ್ರೆಜಿಲ್‌ನ ನೌಕಾಪಡೆಯ ತರುಣರನ್ನು ರೂತ್ ಅಮೆರಿಕದ ಬಗ್ಗೆ ಗಂಭೀರವಾಗಿ ಪ್ರಶ್ನಿಸಿದರೆ ಅವರಿಗೆ ಬೇಕಾಗಿರುವುದು ಕಾಂಗಾ ಕುಣಿತ ಮಾತ್ರ. ಕುಣಿಯುತ್ತಲೇ ಅವಳನ್ನು ಮನೆಯವರೆಗೂ ಹಿಂಬಾಲಿಸುತ್ತಾರೆ. ಬೀದಿಯೆಲ್ಲ ಗಲಾಟೆಯಾಗಿ ಐಲೀನ್ ಪೊಲೀಸ್ ಠಾಣೆ ಸೇರುತ್ತಾಳೆ. ಅಲ್ಲಿ ಪೊಲೀಸರೇ ಅವಳ ಸೇವೆಗೆ ನಿಲ್ಲುತ್ತಾರೆ. ಕೊನೆಗೆ ಒಬ್ಬಳಿಗೆ ಕ್ಲಬ್ಬಿನಲ್ಲಿ ಹಾಡುವ ಕೆಲಸ, ಇನ್ನೊಬ್ಬಳಿಗೆ ಪತ್ರಿಕೆಯ ಕೆಲಸ ಮತ್ತು ಪ್ರೀತಿಸುವ ಸಂಪಾದಕ. ಮಂಗಳ.

ನಮ್ಮ ಕಂಪನಿ ನಾಟಕಗಳ ಹಾಡಿಗೆ ಒಂದು ಬಗೆಯ ಸ್ವಾತಂತ್ರ್ಯವಿತ್ತು. ಪಾತ್ರ ಮಾತು ನಿಲ್ಲಿಸಿ ಹಾಡಿಗೆ ತೊಡಗಿದರೆ ಕಥೆಯ ಗಡಿಯಾರವೂ ನಿಲ್ಲುತ್ತಿತ್ತು. ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದವನೂ ಎದ್ದು ಮತ್ತೆ ಹಾಡುತ್ತಿದ್ದನೆಂಬ ತಮಾಷೆ ಎಲ್ಲರಿಗೂ ಗೊತ್ತು. ಬ್ರಾಡ್‌ವೇ ರಂಗಭೂಮಿಯಲ್ಲಿ 1940ರ ದಶಕದಿಂದ ಹಾಡಿಗೆ ಬೇರೆ ಕೆಲಸ ಬಿತ್ತು. ಅದು ಕಥೆಯನ್ನು ಮುಂದಕ್ಕೆ ತಳ್ಳಬೇಕು, ಪಾತ್ರ ಬಾಯಿಬಿಟ್ಟು ಹೇಳಲಾರದ್ದನ್ನು ಹೇಳಬೇಕು. ‘ವಂಡರ್‌ಫುಲ್ ಟೌನ್’ ಆ ಕಾಲದ ಕೂಸು. ಸಂಗೀತ ಲೆನರ್ಡ್ ಬರ್ನ್‌ಸ್ಟೈನ್ ಅವರದು, ಹಾಡುಗಳ ಸಾಹಿತ್ಯ ಬೆಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್ ಅವರದು. ಮೂವರೂ 1944ರಲ್ಲಿ ‘ಆನ್ ದ ಟೌನ್’ ಎಂಬ ಮತ್ತೊಂದು ನ್ಯೂಯಾರ್ಕ್ ನಾಟಕ ಮಾಡಿ ಹೆಸರಾದವರು. ಮಾತಿನ ಭಾಗ ಜೋಸೆಫ್ ಫೀಲ್ಡ್ಸ್ ಮತ್ತು ಜೆರೋಮ್ ಚೊಡೊರೊವ್ ಅವರದು, ನಿರ್ದೇಶನ ಜಾರ್ಜ್ ಆಬಟ್ ಅವರದು.

ಮೊದಲು ಬೇರೆಯವರು ಮಾಡಿದ್ದ ಹಾಡುಗಳು ಹೊಂದಲಿಲ್ಲವೆಂದು ಕೈಬಿಟ್ಟರು. ರೂತ್‌ಳ ಪಾತ್ರ ವಹಿಸಬೇಕಿದ್ದ ಸಿನಿಮಾ ತಾರೆ ರೊಸಲಿಂಡ್ ರಸಲ್ ಅವರ ಒಪ್ಪಂದದ ಗಡುವು ಹತ್ತಿರವಾಗುತ್ತಿತ್ತು. ಬರ್ನ್‌ಸ್ಟೈನ್ ಮತ್ತು ಗೆಳೆಯರು ಸುಮಾರು ಐದು ವಾರಗಳಲ್ಲಿ ಇಡೀ ನಾಟಕದ ಹಾಡುಗಳನ್ನು ಮಾಡಿ ಮುಗಿಸಿದರು. ರಸಲ್ ಪಳಗಿದ ಗಾಯಕಿಯಲ್ಲ. ಅವರ ದನಿ ಎಷ್ಟು ಏರುತ್ತದೋ ಎಷ್ಟು ಇಳಿಯುತ್ತದೋ ಅಷ್ಟರೊಳಗೇ ಸ್ವರ ಹೊಂದಿಸಿ, ನಡುವೆ ಮಾತಿನ ಚಟಾಕಿಗೆ ಜಾಗ ಬಿಟ್ಟು ಹಾಡು ಕಟ್ಟಿದರು. ಗಂಡಸನ್ನು ಕಳೆದುಕೊಳ್ಳುವ ನೂರು ಉಪಾಯಗಳನ್ನು ರೂತ್ ಪಟ್ಟಿಮಾಡುವ ಹಾಡು ಕೇಳಿದರೆ ಇದು ಗೊತ್ತಾಗುತ್ತದೆ. ಬುದ್ಧಿವಂತೆಯಾದದ್ದೇ ಅವಳ ತಪ್ಪು. ಗಂಡಸು ತಪ್ಪು ಹೇಳಿದರೆ ತಿದ್ದುತ್ತಾಳೆ, ಅವನು ಎದ್ದು ಹೋಗುತ್ತಾನೆ. 1953ರ ಫೆಬ್ರವರಿ 25ರಂದು ನ್ಯೂಯಾರ್ಕಿನ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಒಟ್ಟು 559 ಪ್ರದರ್ಶನಗಳು. ಆ ವರ್ಷದ ಅತ್ಯುತ್ತಮ ಸಂಗೀತ ನಾಟಕಕ್ಕೆ ಸಲ್ಲುವ ಟೋನಿ ಪ್ರಶಸ್ತಿ ಇದಕ್ಕೇ ಬಂತು, ರಸಲ್ ಅವರಿಗೂ ಬಂತು.

ಇಷ್ಟು ರಂಗದ ಮೇಲಿನದು. ಈಗ ಕೋಣೆಯ ನಿಜವಾದ ಬಾಡಿಗೆದಾರರ ಕಡೆ ಬರೋಣ.

ರೂತ್ ಮೆಕೆನಿ ಹುಟ್ಟಿದ್ದು 1911ರಲ್ಲಿ, ಐಲೀನ್ 1913ರಲ್ಲಿ. ಬೆಳೆದದ್ದು ಓಹಾಯೋದಲ್ಲಿ. ರೂತ್ ಆಕ್ರನ್ ಎಂಬ ಊರಿನ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದರು. ಕಾರಿನ ಟೈರು ತಯಾರಿಸುವ ರಬ್ಬರ್ ಕಾರ್ಖಾನೆಗಳ ಊರು ಅದು. ಆರ್ಥಿಕ ಕುಸಿತದ ವರ್ಷಗಳಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರ ಮನೆಗಳನ್ನು ಅವರು ಹತ್ತಿರದಿಂದ ಕಂಡರು. ಅಕ್ಕತಂಗಿಯರು ನ್ಯೂಯಾರ್ಕಿಗೆ ಬಂದು ಸೇರಿದ್ದು ಗೇ ಸ್ಟ್ರೀಟಿನ 14ನೇ ನಂಬರಿನ ಮನೆಯ ನೆಲಮಾಳಿಗೆಗೆ. ಗೇ ಸ್ಟ್ರೀಟ್ ಎನ್ನುವುದು ಕ್ರಿಸ್ಟಫರ್ ಸ್ಟ್ರೀಟಿಗೆ ಅಂಟಿಕೊಂಡ, ನಡುವೆ ಮೊಣಕೈಯಂತೆ ಬಾಗಿದ ಪುಟ್ಟ ಓಣಿ. ಅಮೆರಿಕದಲ್ಲಿ ಆಗ ಸುಮಾರು ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಗರದ ನೆಲದಡಿಯಲ್ಲಿ ಮಾತ್ರ ಕೆಲಸ ನಡೆದೇ ಇತ್ತು. ಎಂಟನೇ ಅವೆನ್ಯೂದ ಸುರಂಗರೈಲು 1932ರಲ್ಲಿ ಓಡಿತು, ಆರನೇ ಅವೆನ್ಯೂದ್ದು 1940ರ ಡಿಸೆಂಬರ್ 15ರಂದು. ನಾಟಕದಲ್ಲಿ ನಗೆ ತರಿಸುವ ಆ ಸಿಡಿತ ಅಲ್ಲಿಯವರಿಗೆ ದಿನದಿನದ ಸದ್ದಾಗಿತ್ತು.

ರೂತ್ ತಮ್ಮ ಬಾಲ್ಯದ, ತಂಗಿಯ ಮತ್ತು ಆ ಕೋಣೆಯ ಅನುಭವಗಳನ್ನು ನಗೆಬರಹಗಳಾಗಿಸಿ ‘ದ ನ್ಯೂಯಾರ್ಕರ್’ ಪತ್ರಿಕೆಗೆ ಬರೆದರು. ಅವು 1938ರಲ್ಲಿ ‘ಮೈ ಸಿಸ್ಟರ್ ಐಲೀನ್’ ಎಂಬ ಪುಸ್ತಕವಾದವು. ಮರುವರ್ಷವೇ, 1939ರಲ್ಲಿ, ಅವರ ಇನ್ನೊಂದು ಪುಸ್ತಕ ಬಂತು. ಅದರ ಹೆಸರು ‘ಇಂಡಸ್ಟ್ರಿಯಲ್ ವ್ಯಾಲಿ’. ಆಕ್ರನ್ನಿನ ರಬ್ಬರ್ ಕಾರ್ಮಿಕರು ಹಸಿವಿನಿಂದ ಸಂಘಟನೆಗೆ, ಸಂಘಟನೆಯಿಂದ 1936ರ ದೊಡ್ಡ ಮುಷ್ಕರಕ್ಕೆ ನಡೆದ ದಾರಿಯನ್ನು ದಿನಚರಿಯಂತೆ ದಾಖಲಿಸಿದ ಪುಸ್ತಕ. ರೂತ್ ಆಗ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು, ‘ನ್ಯೂ ಮಾಸಸ್’ ಎಂಬ ಎಡಪಂಥೀಯ ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ಒಂದೇ ಕೈ ಎರಡು ಬಗೆಯ ಪುಸ್ತಕ ಬರೆದದ್ದರಲ್ಲಿ ನನಗೆ ವಿರೋಧವೇನೂ ಕಾಣುವುದಿಲ್ಲ. ಒಂದು ಊರಿಗೆ ಬರೆದ ಪತ್ರ, ಇನ್ನೊಂದು ಆ ಪತ್ರದಲ್ಲಿ ಹಿಡಿಸದೆ ಉಳಿದದ್ದು. ಲೋಕ ಕೈಗೆತ್ತಿಕೊಂಡದ್ದು ಪತ್ರವನ್ನು.

ಫೀಲ್ಡ್ಸ್ ಮತ್ತು ಚೊಡೊರೊವ್ ಆ ನಗೆಪುಸ್ತಕದ ಕೊನೆಯ ಎರಡು ಕಥೆಗಳನ್ನಷ್ಟೇ ಎತ್ತಿಕೊಂಡು ಹಾಡುಗಳಿಲ್ಲದ ಒಂದು ನಾಟಕ ಬರೆದರು. ಜಾರ್ಜ್ ಎಸ್. ಕಾಫ್‌ಮನ್ ಅದನ್ನು ನಿರ್ದೇಶಿಸಿದರು. ಪ್ರದರ್ಶನ 1940ರ ಡಿಸೆಂಬರ್ 26ಕ್ಕೆ ನಿಗದಿಯಾಯಿತು.

ಐಲೀನ್ ಅಷ್ಟರಲ್ಲಿ ಮೊದಲ ಮದುವೆ ಮುರಿದುಕೊಂಡು, ಪುಟ್ಟ ಮಗನೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರು. ವಾಲ್ಟ್ ಡಿಸ್ನಿ ಅವರ ಸ್ಟುಡಿಯೋದಲ್ಲಿ ಕೆಲಸ ಮಾಡಿದರು. 1940ರ ಏಪ್ರಿಲ್‌ನಲ್ಲಿ ಕಾದಂಬರಿಕಾರ ನಥಾನಿಯಲ್ ವೆಸ್ಟ್ ಅವರನ್ನು ಮದುವೆಯಾದರು. ವೆಸ್ಟ್ ಅವರ ‘ದ ಡೇ ಆಫ್ ದ ಲೋಕಸ್ಟ್’ ಬಂದದ್ದು 1939ರಲ್ಲಿ, ‘ಇಂಡಸ್ಟ್ರಿಯಲ್ ವ್ಯಾಲಿ’ಯ ವರ್ಷದಲ್ಲೇ. ದೂರದ ಸಣ್ಣ ಊರುಗಳಿಂದ ಕನಸು ಕಟ್ಟಿಕೊಂಡು ಹಾಲಿವುಡ್‌ಗೆ ಬಂದವರು, ಕನಸು ಕೈಗೂಡದೆ ಒಳಗೊಳಗೇ ಕುದಿಯುತ್ತ ಕೊನೆಗೆ ಗುಂಪಾಗಿ ಸಿಡಿಯುವ ಕಥೆ ಅದು. ಸಣ್ಣ ಊರಿನ ಹುಡುಗಿ ದೊಡ್ಡ ನಗರಕ್ಕೆ ಬರುವ ಪ್ರಹಸನದ ನಾಯಕಿಯೂ, ಅದೇ ಕನಸಿನ ಅತ್ಯಂತ ಕಹಿಯಾದ ಕಾದಂಬರಿಯ ಲೇಖಕನೂ ಒಂದೇ ಮನೆಯಲ್ಲಿ ಗಂಡಹೆಂಡಿರಾಗಿದ್ದರು. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಡಿಸೆಂಬರ್ 22ರಂದು ಗಂಡಹೆಂಡಿರು ಮೆಕ್ಸಿಕೊದಲ್ಲಿ ಬೇಟೆ ಮುಗಿಸಿ ಕಾರಿನಲ್ಲಿ ಮರಳುತ್ತಿದ್ದರು. ಎಲ್ ಸೆಂಟ್ರೊ ಎಂಬ ಊರಿನ ಬಳಿಯ ಅಡ್ಡರಸ್ತೆಯಲ್ಲಿ ವೆಸ್ಟ್ ಕಾರು ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಿಲ್ಲ. ಇನ್ನೊಂದು ಕಾರಿಗೆ ಡಿಕ್ಕಿಯಾಯಿತು. ಇಬ್ಬರೂ ತೀರಿಕೊಂಡರು. ವೆಸ್ಟ್‌ಗೆ 37, ಐಲೀನ್‌ಗೆ 27.

ನಾಲ್ಕು ದಿನಗಳ ನಂತರ, ನಿಗದಿಯಾದಂತೆಯೇ, ನ್ಯೂಯಾರ್ಕಿನ ಬಿಲ್ಟ್‌ಮೋರ್ ರಂಗಮಂದಿರದಲ್ಲಿ ‘ಮೈ ಸಿಸ್ಟರ್ ಐಲೀನ್’ ನಾಟಕದ ತೆರೆ ಸರಿಯಿತು. ಜನ ನಕ್ಕರು. 864 ಪ್ರದರ್ಶನಗಳಾದವು. ಅಷ್ಟು ರಾತ್ರಿಯೂ ಐಲೀನ್ ಎಂಬ ಚೆಲುವೆ, ಮುಗ್ಧೆ, ತನ್ನ ಸುತ್ತ ನಡೆಯುವ ಯಾವ ಅನಾಹುತವೂ ತಾಗದವಳು ರಂಗದ ಮೇಲೆ ಓಡಾಡಿದಳು. 1942ರಲ್ಲಿ ಅದೇ ನಾಟಕ ಸಿನಿಮಾ ಆಯಿತು, ರೂತ್‌ಳ ಪಾತ್ರದಲ್ಲಿ ಇದೇ ರೊಸಲಿಂಡ್ ರಸಲ್. ತಾಯಿಯಿಲ್ಲದ ಆ ಮಗುವನ್ನು ದೊಡ್ಡಮ್ಮ ರೂತ್ ದತ್ತು ತೆಗೆದುಕೊಂಡು ಸಾಕಿದರು. ತಮ್ಮ ಮಗಳಿಗೆ ಐಲೀನ್ ಎಂದು ಹೆಸರಿಟ್ಟರು.

ನಾಟಕ ನಿಲ್ಲಿಸಬೇಕಿತ್ತೇ? ನಾನು ಹಾಗೆ ಹೇಳಲಾರೆ. ಸತ್ತವರ ನಗುವ ಫೋಟೋವನ್ನೇ ನಾವೂ ಗೋಡೆಗೆ ಹಾಕುತ್ತೇವೆ. ನನ್ನನ್ನು ಕಾಡುವುದು ಬೇರೆ ಸಂಗತಿ. ಪ್ರಹಸನ ಅಂದಿನಿಂದ ತನ್ನದೇ ದಾರಿ ಹಿಡಿಯಿತು. ಬದುಕಿನಲ್ಲಿ ಏನಾದರೂ ಆಗಲಿ, ಅದಕ್ಕೆ ಇನ್ನು ಏನನ್ನೂ ಸೇರಿಸುವಂತಿರಲಿಲ್ಲ.

ಹದಿಮೂರು ವರ್ಷಗಳ ನಂತರದ 1953ಕ್ಕೆ ಮರಳೋಣ. ಅಮೆರಿಕದಲ್ಲಿ ಅದು ಕಮ್ಯುನಿಸ್ಟರ ಬೇಟೆಯ ಕಾಲ. 1930ರ ದಶಕದಲ್ಲಿ ಯಾವ ಸಭೆಗೆ ಹೋಗಿದ್ದೆ, ಯಾರ ಜೊತೆ ಕೂತಿದ್ದೆ ಎಂದು ಸಂಸತ್ತಿನ ಸಮಿತಿಯೊಂದು ಬರಹಗಾರರನ್ನೂ ನಟರನ್ನೂ ಕರೆಸಿ ಕೇಳುತ್ತಿತ್ತು. ಉತ್ತರಿಸದವರಿಗೆ ಕೆಲಸವಿಲ್ಲ. ಉತ್ತರಿಸುವುದೆಂದರೆ ಗೆಳೆಯರ ಹೆಸರು ಹೇಳುವುದು. ಆ ಹೊತ್ತಿನಲ್ಲಿ, ಅದೇ 1930ರ ದಶಕವನ್ನು, ಅದೇ ಎಡಪಂಥೀಯರ ಗ್ರೀನಿಚ್ ವಿಲೇಜನ್ನು ಇಟ್ಟುಕೊಂಡು ಈ ನಾಟಕ ಬಂತು. ಪೊಲೀಸರು ಬಂಧಿಸುತ್ತಾರೆ, ಕುಣಿದದ್ದಕ್ಕೆ. ಬೀದಿಯಲ್ಲಿ ಗಲಭೆಯಾಗುತ್ತದೆ, ಕಾಂಗಾಕ್ಕಾಗಿ. ರೂಸ್‌ವೆಲ್ಟ್ ಸರ್ಕಾರದ ಯೋಜನೆಗಳ ಬಗ್ಗೆ ರೂತ್ ಆ ನೌಕಾಪಡೆಯ ತರುಣರನ್ನು ಕೇಳುತ್ತಾಳೆ ಎಂದೆನಲ್ಲ, ಹಾಡಿನಲ್ಲಿ ಆ ಯೋಜನೆಗಳ ಹೆಸರುಗಳು ಪ್ರಾಸಕ್ಕೆ ಒದಗಿ ಹಾರಿಹೋಗುತ್ತವೆ. ರೂತ್ ಮೆಕೆನಿ ಅವರಿಗೆ ಅವೇ ಅನ್ನದ, ಕೆಲಸದ ಪ್ರಶ್ನೆಗಳಾಗಿದ್ದವು. 1953ರ ಪ್ರೇಕ್ಷಕರು ಆ ಗೈಡಿನ ಹಿಂದೆ ಬಂದ ಪ್ರವಾಸಿಗಳಂತೆ 1935ನ್ನು ನೋಡಿ, ನಕ್ಕು, ಮನೆಗೆ ಹೋದರು.

ರಂಗದ ಹಿಂದೆ ಇಷ್ಟು ಹಗುರವಿರಲಿಲ್ಲ. ನಾಟಕ ಸಿದ್ಧವಾಗುವಾಗ ಕುಣಿತಗಳನ್ನು ಬಿಗಿಗೊಳಿಸಲು ಬಂದು, ಜಾಹೀರಾತಿನಲ್ಲಿ ಹೆಸರು ಹಾಕಿಸಿಕೊಳ್ಳದೆ ನೆರವಾದವರು ಪ್ರಸಿದ್ಧ ನೃತ್ಯಸಂಯೋಜಕ ಜೆರೋಮ್ ರಾಬಿನ್ಸ್. ಮೊದಲ ಪ್ರದರ್ಶನವಾಗಿ ಎರಡೂವರೆ ತಿಂಗಳೂ ತುಂಬಿರಲಿಲ್ಲ. ಮೇ 5ರಂದು ರಾಬಿನ್ಸ್ ಆ ಸಮಿತಿಯ ಮುಂದೆ ಕುಳಿತು ಎಂಟು ಜನರ ಹೆಸರು ಹೇಳಿದರು. ಅವುಗಳಲ್ಲಿ ಒಂದು ಜೆರೋಮ್ ಚೊಡೊರೊವ್, ಅಂದರೆ ಅದೇ ಊರಿನಲ್ಲಿ ಆಗ ಓಡುತ್ತಿದ್ದ ಅದೇ ನಾಟಕದ ಲೇಖಕ. ಇನ್ನೊಂದು ಅವರ ಅಣ್ಣ ಎಡ್ವರ್ಡ್ ಅವರದು. ಅಣ್ಣತಮ್ಮಂದಿರು ಕಪ್ಪುಪಟ್ಟಿಗೆ ಬಿದ್ದರು. ಬರ್ನ್‌ಸ್ಟೈನ್ ಅವರ ಪಾಸ್‌ಪೋರ್ಟ್ ನವೀಕರಿಸಲು ಸರ್ಕಾರ ಅದೇ ಬೇಸಿಗೆಯಲ್ಲಿ ನಿರಾಕರಿಸಿತು. ತಾನು ಕಮ್ಯುನಿಸ್ಟ್ ಅಲ್ಲವೆಂದು ಪ್ರಮಾಣಪತ್ರ ಬರೆದುಕೊಟ್ಟ ಮೇಲೆಯೇ ಅದು ಸಿಕ್ಕಿತು. ಇತ್ತ ವಿಂಟರ್ ಗಾರ್ಡನ್‌ನಲ್ಲಿ ರಾತ್ರಿಯಾದರೆ ಕಾಂಗಾ.

ನಾಟಕ ಮಾಡಿದವರು ಹೇಡಿಗಳೆಂದು ನಾನು ಹೇಳುತ್ತಿಲ್ಲ. ಅವರೂ ಒಂದು ಬಗೆಯಲ್ಲಿ ಊರಿಗೆ ಪತ್ರ ಬರೆಯುತ್ತಿದ್ದವರೇ. ತಮ್ಮ ಯೌವನದ ದಶಕವನ್ನು ನೆನೆಯುವುದೇ ಅಪರಾಧವೆನಿಸಿದ್ದ ವರ್ಷದಲ್ಲಿ ಅದನ್ನು ಪ್ರೀತಿಯಿಂದ ನೆನೆಯಲು ಇದ್ದ ದಾರಿ ಇದೊಂದೇ ಇರಬಹುದು: ರಾಜಕೀಯ ತೆಗೆದುಹಾಕಿ ಗೆಳೆತನ ಉಳಿಸಿಕೊಳ್ಳುವುದು, ಹಸಿವು ತೆಗೆದುಹಾಕಿ ಸೋರುವ ಕೋಣೆ ಉಳಿಸಿಕೊಳ್ಳುವುದು. ಆ ಜೋಗುಳದಂಥ ಹಾಡನ್ನು ಈಗ ಕೇಳಿದಾಗ ಇಬ್ಬರು ಹುಡುಗಿಯರ ಮನೆನೆನಪಿನ ಆಚೆಗೂ ಏನೋ ಕೇಳಿಸುತ್ತದೆ. ಇದು ನನ್ನ ಕಿವಿಯ ಊಹೆ, ಪುರಾವೆ ಕೇಳಿದರೆ ಕೊಡಲಾರೆ.

ರೂತ್ ಮೆಕೆನಿ ಅವರಿಗೆ ಏನಾಯಿತು? ಅವರನ್ನೂ ಅವರ ಗಂಡ ರಿಚರ್ಡ್ ಬ್ರಾನ್‌ಸ್ಟನ್ ಅವರನ್ನೂ ಕಮ್ಯುನಿಸ್ಟ್ ಪಕ್ಷ 1946ರಲ್ಲಿ ಹೊರಹಾಕಿತ್ತು. ಅತ್ತ ಪಕ್ಷಕ್ಕೂ ಬೇಡ, ಇತ್ತ ಪಕ್ಷದ ಹಳೆಯ ನಂಟಿನಿಂದಾಗಿ ದೇಶಕ್ಕೂ ಅನುಮಾನ. ಅವರು ಯುರೋಪಿಗೆ ಹೋಗಿ ನೆಲೆಸಿದರು. 1955ರಲ್ಲಿ, ರೂತ್ ಅವರ ಹುಟ್ಟುಹಬ್ಬದ ದಿನವೇ, ಲಂಡನ್ನಿನಲ್ಲಿ ಬ್ರಾನ್‌ಸ್ಟನ್ ಆತ್ಮಹತ್ಯೆ ಮಾಡಿಕೊಂಡರು. ಅದೇ 1955ರಲ್ಲಿ ಹಾಲಿವುಡ್ ‘ಮೈ ಸಿಸ್ಟರ್ ಐಲೀನ್’ ಅನ್ನು ಬೇರೆ ಹಾಡುಗಳೊಂದಿಗೆ ಮತ್ತೊಮ್ಮೆ ಸಿನಿಮಾ ಮಾಡಿತು. ರೂತ್ ನ್ಯೂಯಾರ್ಕಿಗೆ ಮರಳಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ‘ವಂಡರ್‌ಫುಲ್ ಟೌನ್’ 2003ರಲ್ಲಿ ಬ್ರಾಡ್‌ವೇಗೆ ಮತ್ತೆ ಬಂತು, ಜನ ಮತ್ತೆ ನಕ್ಕರು.

ಈ ಲೇಖಕಿಯ ಹೆಸರು ಇಂದು ಯಾರಿಗಾದರೂ ಗೊತ್ತಿದ್ದರೆ ಬಹುಮಟ್ಟಿಗೆ ಐಲೀನಳ ಅಕ್ಕ ಎಂದು. ಮುಷ್ಕರದ ಪುಸ್ತಕ ಬರೆದವರೆಂದು ನೆನೆಯುವವರು ಕಾರ್ಮಿಕ ಚರಿತ್ರೆ ಓದುವ ಕೆಲವರು. ನಗೆಗೆ ಅಷ್ಟು ಶಕ್ತಿ. ಅದು ತಾನು ಮುಟ್ಟಿದ್ದನ್ನು ಬದುಕಿಸುತ್ತದೆ, ಮುಟ್ಟದೆ ಬಿಟ್ಟದ್ದನ್ನು ಮರೆಸುತ್ತದೆ. ಸಾಹಿತ್ಯ ಓದುವ ವಿದ್ಯಾರ್ಥಿಗಳಿಗೆ ನಾನು ಹೇಳಬೇಕೆಂದಿದ್ದ ಮಾತು ಇಷ್ಟೇ. ಯಾವುದಾದರೂ ಪ್ರಹಸನವನ್ನು ಓದುವಾಗ, ನೋಡುವಾಗ, ಚೆನ್ನಾಗಿ ನಗಿ. ನಕ್ಕಾದ ಮೇಲೆ ಕಥೆ ಯಾವ ದಿನಕ್ಕೆ ನಿಂತಿತು ಎಂದು ಗುರುತು ಹಾಕಿಕೊಳ್ಳಿ. ಅದರ ಮರುದಿನದಿಂದ ಚರಿತ್ರೆ ಶುರುವಾಗುತ್ತದೆ.

ರಂಗದ ಮೇಲಿನ ರೂತ್ ‘ಅವಳು’, ಅವಳಿಗೆ ವಯಸ್ಸಾಗುವುದಿಲ್ಲ, ಅವಳ ತಂಗಿ ಸಾಯುವುದಿಲ್ಲ. ಬರೆದ ರೂತ್ ‘ಅವರು’. ನನ್ನ ಪತ್ರಗಳಲ್ಲಿಯೂ ಚಪ್ಪಲಿ ತೇಲಿಹೋದ ಒಬ್ಬ ಹುಡುಗಿ ಇದ್ದಾಳೆ. ಬಸ್ ನಿಲ್ದಾಣದವರೆಗೂ ನಡೆದು ವಾಪಸ್ ಬಂದವಳು ಅಲ್ಲಿಲ್ಲ. ಓದಿ ಮುಗಿಸಿ ಪತ್ರಗಳನ್ನು ಟ್ರಂಕಿಗೆ ಹಾಕುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಇಷ್ಟೆಲ್ಲ ನಗಸ್ತಾ ಇದ್ದೆಯಲ್ಲ, ಆಗ ಹೊಟ್ಟೆತುಂಬ ಉಣ್ತಿದ್ದೆಯೇನೇ?” ಎಂದು ಕೇಳಿದಳು. ಅವಳು ಆ ಪತ್ರಗಳನ್ನು ಮೊದಲಿನಿಂದಲೂ ಸರಿಯಾಗಿಯೇ ಓದಿದ್ದಳು ಎಂದು ನನಗೆ ಅಂದು ತಿಳಿಯಿತು.